ಮಶೀನಿನ ಬಾಯಿಗೆ ಕಲ್ಲು ಬಿದ್ದರೆ ಕಿವಿಗೇ ಮೊದಲು ಗೊತ್ತು!

ರೋಣ, ನರಗುಂದ, ಗಜೇಂದ್ರಗಡ ಭಾಗದಲ್ಲಿ ಕಡಲೆ ರಾಶಿಯ ಹಂಗಾಮು ಬಂತೆಂದರೆ ಹೊಲದಿಂದ ಹೊಲಕ್ಕೆ ಒಂದೇ ಸಪ್ಪಳ. ರಾಶಿ ಮಶೀನಿನ ಗುಂಯ್ ಎಂಬ ನಾದ. ಎತ್ತು ಕಟ್ಟಿ, ಹಾಡು ಹೇಳುತ್ತ ಹಂತಿ ಹೊಡೆಯುವ ಕಾಲ ಹೋಯಿತು. ಹಂತಿಯಲ್ಲಿ ಕಲ್ಲು ಬಂದರೆ ಎತ್ತಿನ ಗೊರಸಿಗೆ ತಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಮಶೀನಿಗೆ ಆ ತಾಳ್ಮೆ ಇಲ್ಲ.

ಕಡಲೆ ಗಿಡವನ್ನು ಬೇರುಸಹಿತ ಕಿತ್ತು ಗುಂಪಿ ಹಾಕುತ್ತಾರೆ. ಬೇರಿನ ಸಂಗಡ ಎರಿಮಣ್ಣಿನ ಹೆಂಟೆ ಬರುತ್ತದೆ. ಗುಡ್ಡದ ಮಗ್ಗುಲಿನ ಹೊಲವಾದರೆ ಕಲ್ಲು ಬರುತ್ತದೆ. ಮರೆತು ಬಿಟ್ಟ ಕುಡುಗೋಲೂ ಬರಬಹುದು. ಪಳಗಿದ ಕಿವಿಗೆ ಒಂದೊಂದರ ಸಪ್ಪಳ ಒಂದೊಂದು ಥರ. ಹೆಂಟೆ ಬಿದ್ದರೆ 'ಧಪ್' ಎಂದು ಒಡೆದು ಧೂಳಾಗುತ್ತದೆ. ಕಲ್ಲು ಬಿದ್ದರೆ 'ಖಣ್ ಖಣ್'. ಕಬ್ಬಿಣ ಬಿದ್ದರೆ ಕಿವಿ ಸೀಳುವ 'ಕರ್ರ್'. ಡ್ರಮ್ಮಿನ ಹಲ್ಲು ಮುರಿದು ಬಂದೂಕಿನ ಗುಂಡಿನಂತೆ ಹಾರಬಹುದು. ಸಪ್ಪಳವೇ ಇಲ್ಲದೆ ಒಳಗೆ ಹೋಗುವುದು ಬಟ್ಟೆ: ಸೀರೆಯ ಸೆರಗು, ಧೋತರದ ಚುಂಗು, ತಲೆಗೆ ಸುತ್ತಿದ ಟವೆಲ್ಲು. ಕೂಗು ಕೇಳುವುದು ಆಮೇಲೆ.

ಆಕಾಶದಲ್ಲಿ ಹಾರುವ ವಿಮಾನದ್ದೂ ಇದೇ ಕಥೆ. ಜೆಟ್ ಎಂಜಿನ್ ಎಂದರೆ ಗಾಳಿಯ ಜೊತೆ ಸಿಕ್ಕಿದ್ದನ್ನೆಲ್ಲ ನುಂಗುವ ಬಾಯಿ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹೆಬ್ಬಾತುಗಳ ಹಿಂಡು ಒಂದು ವಿಮಾನದ ಎರಡೂ ಎಂಜಿನ್ನಿಗೆ ಹೊಕ್ಕಿತು. ಧಡ್ ಧಡ್ ಸಪ್ಪಳ, ಆಮೇಲೆ ಎಂಜಿನ್ನುಗಳು ಗಪ್‌ಚಿಪ್. ಪೈಲಟ್ ಹಡ್ಸನ್ ನದಿಯ ಮೇಲೆಯೇ ಇಳಿಸಿದ್ದರಿಂದ 155 ಜೀವ ಉಳಿದವು. 2017ರಲ್ಲಿ ಚೀನಾದ ಶಾಂಘೈಯಲ್ಲಿ 80 ವರ್ಷದ ಅಜ್ಜಿಯೊಬ್ಬಳು ಪ್ರಯಾಣ ಸುಖವಾಗಲೆಂದು ಎಂಜಿನ್ನಿನತ್ತ 9 ನಾಣ್ಯ ಎಸೆದಳು, ಮಲಪ್ರಭಾ ಹೊಳೆ ದಾಟುವಾಗ ರೊಕ್ಕ ಎಸೆದ ಹಾಗೆ! ಒಳಗೆ ಹೋಗಿದ್ದು ಒಂದೇ ನಾಣ್ಯ. ಅದಕ್ಕಾಗಿ ಐದು ತಾಸಿಗೂ ಮೀರಿ ವಿಮಾನ ನಿಲ್ಲಿಸಿದರು.

ಹೊಲದಲ್ಲಿ ಐದು ನಿಮಿಷ ನಿಲ್ಲಿಸುವವರು ಯಾರು? ಮಶೀನಿನ ಬಾಡಿಗೆ ತಾಸಿನ ಲೆಕ್ಕ. ಮೇಲೆ ಮೋಡ ಕವಿದರಂತೂ ಅವಸರವೋ ಅವಸರ. ಬಾಯಿ ಕಟ್ಟಿಕೊಂಡಿತೆಂದರೆ "ಏ, ನಿಂದ್ರಸಬ್ಯಾಡೋ, ಹಂಗ ತಗೀತೀನಿ" ಎಂದು ತಿರುಗುವ ಮಶೀನಿಗೇ ಕೈ ಹಾಕುತ್ತಾರೆ. ಕೈ ಹೋಗುವುದು ಅಲ್ಲಿಯೇ.

1983ರಲ್ಲಿ ಕೇಂದ್ರ ಸರಕಾರ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿದ್ದು ರಾಶಿ ಮಶೀನುಗಳನ್ನು ಕಣ್ಣಮುಂದೆ ಇಟ್ಟುಕೊಂಡೇ. ಬೆಳೆ ತುಂಬುವ ತೊಟ್ಟಿ ಕನಿಷ್ಠ 90 ಸೆಂ.ಮೀ. ಉದ್ದ ಇರಬೇಕು, ಅದರಲ್ಲಿ 45 ಸೆಂ.ಮೀ. ಮೇಲೆ ಮುಚ್ಚಿರಬೇಕು ಎಂಬುದು ಭಾರತೀಯ ಮಾನಕ. ಕಾರಣ ಸರಳ: ಅಷ್ಟು ಉದ್ದವಿದ್ದರೆ ಮನುಷ್ಯನ ಕೈ ಡ್ರಮ್ಮಿಗೆ ಮುಟ್ಟುವುದಿಲ್ಲ. ಅಡ್ಡಾಗುತ್ತದೆಂದು ಆ ಮುಚ್ಚಳವನ್ನು ಕಿತ್ತು ಒಗೆದರೆ ಕಾಯ್ದೆ ಏನು ಮಾಡೀತು?

ಖರ್ಚಿಲ್ಲದ ಉಪಾಯಗಳೂ ಇವೆ. ಗಿಡ ಜಾಡಿಸಿ ಹಾಕುವುದು. ಕುಡುಗೋಲು ಎಣಿಸಿ ಇಡುವುದು. ಸೆರಗು ಬಿಗಿದು ಕಟ್ಟುವುದು. ಸಪ್ಪಳ ಬದಲಾಯಿತೋ, ಮೊದಲು ಟ್ರ್ಯಾಕ್ಟರ್ ಬಂದ್ ಮಾಡಿ, ಡ್ರಮ್ಮು ಪೂರ್ತಿ ನಿಂತ ಮೇಲೆಯೇ ಒಳಗೆ ನೋಡುವುದು. ಮುರಿದ ಹಲ್ಲಿಗೆ ಗ್ಯಾರೇಜಿನಲ್ಲಿ ವೆಲ್ಡಿಂಗ್ ಆಗುತ್ತದೆ, ಬೆರಳಿಗಲ್ಲ.