ಕಡಲಾಚೆಯ ಪಯಣಕ್ಕೆ ವಿಮೆ

ಕಟಪಾಡಿಯ ಪಶ್ಚಿಮಕ್ಕೆ ಕಡಲಂಚಿನಲ್ಲಿರುವ ಮಟ್ಟು ಗ್ರಾಮವು ಗುಳ್ಳ ಬದನೆಯಿಂದ ಹೆಸರಾದುದು. ಈ ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಮೊದಲು ಮುಂಬಯಿಗೂ ಬಳಿಕ ಕೊಲ್ಲಿ ರಾಷ್ಟ್ರಗಳಿಗೂ ತೆರಳಿದವರು ಅನೇಕರು. ಇಂದು ಇಲ್ಲಿನ ಮಕ್ಕಳು ಯುರೋಪು, ಅಮೆರಿಕ, ಕೆನಡಾಗಳಲ್ಲಿಯೂ ನೆಲೆಸಿದ್ದಾರೆ. ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ಕಾಣಲೆಂದೋ ಊರಿನ ಹಿರಿಯರು ವಿಮಾನವೇರುವುದು ಈಗ ಅಪರೂಪವಲ್ಲ. ಆದರೆ ಹಪ್ಪಳ, ಉಪ್ಪಿನಕಾಯಿಗಳನ್ನು ಕಟ್ಟಿಕೊಳ್ಳುವಲ್ಲಿ ತೋರುವ ಎಚ್ಚರವನ್ನು ವಿಮಾಪತ್ರದ ವಿಷಯದಲ್ಲಿ ತೋರುವವರು ವಿರಳ.

ವಿಮೆಯ ತತ್ತ್ವವು ಕರಾವಳಿಯವರಿಗೆ ಹೊಸದೇನೂ ಅಲ್ಲ. ಕೈರಂಪಣಿ ಬಲೆಯನ್ನು ಒಬ್ಬನೇ ಎಳೆಯಲಾರ. ಹತ್ತಾರು ಮಂದಿ ಕೈಜೋಡಿಸಿದಾಗ ಅದು ದಡ ಸೇರುತ್ತದೆ. ಅಂತೆಯೇ ಅನೇಕ ಪ್ರಯಾಣಿಕರು ಅಲ್ಪಸ್ವಲ್ಪ ಕಂತು ಕಟ್ಟಿ ಕೂಡಿಸಿದ ನಿಧಿಯಿಂದ, ಆಪತ್ತಿಗೆ ಸಿಲುಕಿದ ಕೆಲವರ ವೆಚ್ಚವು ಭರಿಸಲ್ಪಡುತ್ತದೆ. ಅಮೆರಿಕದಲ್ಲಿ ಕೆಲವೇ ದಿನಗಳ ಆಸ್ಪತ್ರೆವಾಸವು ಒಂದು ಕುಟುಂಬದ ಜೀವಮಾನದ ಉಳಿತಾಯವನ್ನೇ ನುಂಗಬಲ್ಲುದು. ಭಾರತದಲ್ಲಿ ಕೊಂಡ ಸಾಮಾನ್ಯ ಆರೋಗ್ಯ ವಿಮೆಗಳು ಬಹುಪಾಲು ದೇಶದ ಗಡಿಯೊಳಗೆ ಮಾತ್ರ ಸಲ್ಲುತ್ತವೆ.

ಯುರೋಪಿನ ಷೆಂಗೆನ್ ರಾಷ್ಟ್ರಗಳಿಗೆ ಪ್ರವಾಸಿ ವೀಸಾ ಬೇಡುವವರು ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆಯನ್ನು ಹೊಂದಿರತಕ್ಕದ್ದು. ಮಕ್ಕಳ ಬಳಿ ದೀರ್ಘಕಾಲ ಇರಬಯಸುವ ತಂದೆತಾಯಿಗಳಿಗಾಗಿ ಕೆನಡಾ 2011ರಲ್ಲಿ ಆರಂಭಿಸಿದ ವಿಶೇಷ ವೀಸಾಕ್ಕೆ ಕನಿಷ್ಠ 1,00,000 ಕೆನಡಾ ಡಾಲರುಗಳ ವಿಮೆ ಅಗತ್ಯ. ವಿಚಿತ್ರವೆಂದರೆ, ಚಿಕಿತ್ಸೆ ಅತ್ಯಂತ ದುಬಾರಿಯಾದ ಅಮೆರಿಕವು ಸಾಮಾನ್ಯ ಪ್ರವಾಸಿಗಳಿಂದ ಇಂಥ ವಿಮೆಯನ್ನು ಕೇಳುವುದಿಲ್ಲ! ಕೇಳಲಿಲ್ಲವೆಂದು ಬಿಟ್ಟು ಹೋಗುವವರೇ ಹೆಚ್ಚಾಗಿ ಕಷ್ಟಕ್ಕೀಡಾಗುತ್ತಾರೆ.

ದುಡಿಮೆಗೆ ಹೋಗುವವರ ವಿಷಯ ಬೇರೆ. ವಲಸೆ ಪರಿಶೀಲನೆಗೆ ಒಳಪಟ್ಟು ಕೊಲ್ಲಿ ಮುಂತಾದ ದೇಶಗಳಿಗೆ ತೆರಳುವ ಕಾರ್ಮಿಕರಿಗಾಗಿ ಭಾರತ ಸರ್ಕಾರವು 2003ರಲ್ಲಿ ಪ್ರವಾಸಿ ಭಾರತೀಯ ಬಿಮಾ ಯೋಜನೆಯನ್ನು ಕಡ್ಡಾಯವಾಗಿ ಜಾರಿಗೆ ತಂದಿತು. 2017ರ ಪರಿಷ್ಕರಣೆಯಂತೆ, ಎರಡು ವರ್ಷಕ್ಕೆ 275 ರೂಪಾಯಿ ಕಂತು. ಅಪಘಾತದಿಂದ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿ ಪರಿಹಾರ. ಹತ್ತನೆಯ ತರಗತಿ ತೇರ್ಗಡೆಯಾದವರಿಗೆ ಆ ಪರಿಶೀಲನೆಯಿಲ್ಲ; ಆದುದರಿಂದ ವಿಮೆಯ ಚಿಂತೆಯನ್ನು ಅವರು ತಾವೇ ಮಾಡಬೇಕಾಗುತ್ತದೆ.

ವಿಮೆ ಕೊಂಡೊಡನೆ ಎಲ್ಲವೂ ಸುರಕ್ಷಿತವೆಂದಲ್ಲ. ಹಿರಿಯರೊಬ್ಬರು ರಕ್ತದೊತ್ತಡಕ್ಕೆ ದಿನವೂ ಮಾತ್ರೆ ಸೇವಿಸುತ್ತಿದ್ದು, ಕಂತು ಹೆಚ್ಚೀತೆಂಬ ಭಯದಿಂದ ಅರ್ಜಿಯಲ್ಲಿ 'ಕಾಯಿಲೆ ಇಲ್ಲ' ಎಂದು ಬರೆಯಿಸಿದರೆಂದು ಭಾವಿಸಿದರೆ, ಪರದೇಶದಲ್ಲಿ ಪಾರ್ಶ್ವವಾಯು ಬಡಿದಾಗ ಸಂಸ್ಥೆಯು ಹಣ ನಿರಾಕರಿಸಬಹುದು. ಮೊದಲೇ ಇದ್ದ ಕಾಯಿಲೆಗೆ ಎಷ್ಟರಮಟ್ಟಿಗೆ ರಕ್ಷಣೆ ಉಂಟು, ವೆಚ್ಚದಲ್ಲಿ ಮೊದಲ ಪಾಲನ್ನು ಪ್ರಯಾಣಿಕನೇ ಎಷ್ಟು ಭರಿಸಬೇಕು ಎಂಬುದನ್ನು ಹೊರಡುವ ಮೊದಲೇ ಓದಿ ತಿಳಿಯಬೇಕು. ಅನೇಕ ಮನೆಗಳಲ್ಲಿ ಅರ್ಜಿಯ ಸಣ್ಣ ಅಕ್ಷರಗಳನ್ನು ಓದಬಲ್ಲವರು ಶಾಲೆಗೆ ಹೋಗುವ ಮೊಮ್ಮಕ್ಕಳೇ.

ಕಾಯಿಲೆ ಬಿದ್ದರೆ ಸಾಧ್ಯವಾದಷ್ಟು ಬೇಗ ವಿಮಾ ಸಂಸ್ಥೆಯ ಸಹಾಯವಾಣಿಗೆ ತಿಳಿಸಬೇಕು. ವೈದ್ಯರ ವರದಿ, ರಸೀದಿಗಳನ್ನು ಕಾದಿಡಬೇಕು. ವಿಮಾಪತ್ರದ ಒಂದು ಪ್ರತಿ ಕೈಚೀಲದಲ್ಲಿಯೂ ಇನ್ನೊಂದು ಊರಿನ ಮನೆಯಲ್ಲಿಯೂ ಇರತಕ್ಕದ್ದು. ಪೆಟ್ಟಿಗೆಯ ತಳದಲ್ಲಿ ಹಪ್ಪಳದ ಕಟ್ಟಿನಡಿ ಸೇರಿದ ಪತ್ರವು ಸಮಯಕ್ಕೆ ಕೈಗೆ ಸಿಗುವುದಿಲ್ಲ.