ಹೊರಡುವಾಗ ಕಾರು ನಡುಗುವುದೇಕೆ?

ನಿಂತ ಕಾರು ಮೊದಲ ಗೇರಿನಲ್ಲಿ ಹೊರಡುವಾಗ ಗಡಗಡನೆ ನಡುಗಿದರೆ ತಪ್ಪು ಚಾಲಕನ ಎಡಗಾಲಿನದೆಂದು ತೀರ್ಮಾನಿಸುವುದು ವಾಡಿಕೆ. ಹೊಸದಾಗಿ ಕಲಿಯುವವರ ಮಟ್ಟಿಗೆ ಇದು ಬಹುತೇಕ ಸರಿ; ಆದರೆ ಪಳಗಿದ ಕೈಯಲ್ಲೂ ಕಾರು ನಡುಗತೊಡಗಿದರೆ ಕಾರಣವನ್ನು ಇಂಜಿನ್ ಮತ್ತು ಗೇರ್‌ಬಾಕ್ಸ್‌ಗಳ ನಡುವಿರುವ ಕ್ಲಚ್ಚಿನಲ್ಲಿ, ಕೆಲವೊಮ್ಮೆ ಅದರ ಆಚೆಗೂ, ಹುಡುಕಬೇಕಾಗುತ್ತದೆ.

ಇಂಜಿನ್ ನಿಂತಲ್ಲಿಂದಲೇ ಹೊರೆ ಎಳೆಯಲಾರದು. ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುವಾಗಲೂ ಅದು ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತಿರಬೇಕು, ಇಲ್ಲವಾದರೆ ಆಫ್ ಆಗುತ್ತದೆ. ಸಣ್ಣ ಕಾರೊಂದರ ಮೊದಲ ಗೇರಿನಲ್ಲಿ ಇಂಜಿನ್ 14 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುತ್ತದೆಂದೂ ಟೈರಿನ ಸುತ್ತಳತೆ 1.8 ಮೀಟರ್ ಎಂದೂ ಇಟ್ಟುಕೊಂಡರೆ, ಆ 800 ಸುತ್ತಿಗೆ ಹೊಂದುವ ವೇಗ ಗಂಟೆಗೆ ಸುಮಾರು 6 ಕಿಲೋಮೀಟರ್. ಕಾರು ಸೊನ್ನೆಯಿಂದ ಈ ವೇಗಕ್ಕೆ ಏರುವ ತನಕ ತಿರುಗುವ ಇಂಜಿನ್ನಿಗೂ ಇನ್ನೂ ಎಚ್ಚೆತ್ತಿರದ ಚಕ್ರಕ್ಕೂ ನಡುವೆ ಏನಾದರೊಂದು ಜಾರುತ್ತಲೇ ಇರಬೇಕು, ಮತ್ತು ಹಾಗೆ ಜಾರುವ ಕೆಲಸ ಕ್ಲಚ್ಚಿನದು.

ಇಂಜಿನ್ನಿನ ತುದಿಯಲ್ಲಿ ಫ್ಲೈವೀಲ್ ಎಂಬ ಭಾರವಾದ ಚಕ್ರವಿರುತ್ತದೆ. ಎರಡೂ ಮುಖಗಳಿಗೆ ಘರ್ಷಣೆಯ ಪದರ ಅಂಟಿಸಿದ ಕ್ಲಚ್ ಪ್ಲೇಟನ್ನು ಈ ಫ್ಲೈವೀಲಿಗೆ ಒತ್ತಿ ಹಿಡಿಯುವುದು ಸ್ಪ್ರಿಂಗಿನ ಬಲವುಳ್ಳ ಪ್ರೆಶರ್ ಪ್ಲೇಟ್. ಚಾಲಕ ಪೆಡಲ್ ತುಳಿದಾಗ ಈ ಹಿಡಿತ ಬಿಡುತ್ತದೆ, ಪೆಡಲನ್ನು ಮೆಲ್ಲಗೆ ಬಿಟ್ಟಾಗ ಮೆಲ್ಲಗೆ ಕೂಡುತ್ತದೆ. ಹಿಡಿತ ಒಮ್ಮೆಲೇ ಬೀಳದಿರಲೆಂದು ಎರಡು ಪದರಗಳ ನಡುವೆ ಅಲೆಯಂತೆ ಬಾಗಿದ ತೆಳು ಉಕ್ಕಿನ ಪಟ್ಟಿಗಳನ್ನೂ, ಇಂಜಿನ್ನಿನ ಸ್ಫೋಟಗಳ ಮಿಡಿತ ಗೇರ್‌ಬಾಕ್ಸಿಗೆ ತಲುಪದಿರಲೆಂದು ಪ್ಲೇಟಿನ ನಡುಭಾಗದಲ್ಲಿ ಸುರುಳಿ ಸ್ಪ್ರಿಂಗ್‌ಗಳನ್ನೂ ಇರಿಸಿರುತ್ತಾರೆ.

ನಡುಕದ ಮೂಲ ಈ ಜಾರಾಟದ ಸ್ವಭಾವದಲ್ಲೇ ಇದೆ. ಜಾರುವ ವೇಗ ತಗ್ಗಿದಂತೆ ಘರ್ಷಣೆ ಒಂದೇ ಮಟ್ಟದಲ್ಲಿದ್ದರೆ, ಅಥವಾ ತುಸು ಕಡಿಮೆಯಾದರೆ, ಕಾರು ನಯವಾಗಿ ಹೊರಡುತ್ತದೆ. ಅದರ ಬದಲು ವೇಗ ತಗ್ಗಿದಷ್ಟೂ ಘರ್ಷಣೆ ಹೆಚ್ಚುವಂತಾದರೆ ಪ್ಲೇಟು ಗಬಕ್ಕನೆ ಕಚ್ಚಿಕೊಳ್ಳುತ್ತದೆ, ಚಕ್ರಕ್ಕೆ ಹೋಗುವ ಆಕ್ಸಲ್ ಸ್ಪ್ರಿಂಗಿನಂತೆ ತಿರುಚಿಕೊಳ್ಳುತ್ತದೆ, ಆ ತಿರುಚು ಸಡಿಲಗೊಳ್ಳುವಾಗ ಪ್ಲೇಟು ಮತ್ತೆ ಜಾರುತ್ತದೆ, ಮರುಕ್ಷಣ ಮತ್ತೆ ಕಚ್ಚುತ್ತದೆ. ಪಿಟೀಲಿನ ಕಮಾನು ತಂತಿಯನ್ನು ಹಿಡಿದು, ಬಿಟ್ಟು, ಮತ್ತೆ ಹಿಡಿದು ನಾದ ಹೊರಡಿಸುವುದೂ ಇದೇ ನಿಯಮದಿಂದ. ಕಾರಿನಲ್ಲಿ ಈ ಹಿಡಿ-ಬಿಡು ಸೆಕೆಂಡಿಗೆ ಹತ್ತರ ಆಸುಪಾಸಿನಷ್ಟು ಮಾತ್ರ ನಡೆಯುವುದರಿಂದ ಅದು ಕಿವಿಗಿಂತ ಹೆಚ್ಚಾಗಿ ಸೀಟಿನಲ್ಲಿ ಕುಳಿತವರ ಮೈಗೆ ತಿಳಿಯುತ್ತದೆ.

ಘರ್ಷಣೆಯ ಗುಣ ಕೆಡಲು ದಾರಿಗಳು ಹಲವು. ಸವೆದ ಆಯಿಲ್ ಸೀಲಿನಿಂದ ಒಸರಿದ ಎಣ್ಣೆ ಪದರದ ಒಂದು ಭಾಗಕ್ಕಷ್ಟೇ ತಗುಲಿದರೆ ಅಲ್ಲಿ ಜಾರಿಕೆ, ಪಕ್ಕದಲ್ಲಿ ಹಿಡಿತ ಎಂಬಂತಾಗುತ್ತದೆ. ಮಳೆಗಾಲದಲ್ಲಿ ಕರಾವಳಿ, ಮಲೆನಾಡುಗಳಲ್ಲಿ ರಾತ್ರಿಯಿಡೀ ಹೊರಗೆ ನಿಂತ ಕಾರು ಬೆಳಗ್ಗೆ ಮೊದಲ ಒಂದೆರಡು ಸಲ ನಡುಗಿ ಆಮೇಲೆ ಸರಿಹೋಗುವುದುಂಟು. ಫ್ಲೈವೀಲಿನ ಮೇಲೆ ಕೂತ ತೇವ ಮತ್ತು ತೆಳು ತುಕ್ಕು ಉಜ್ಜಿಹೋದೊಡನೆ ನಡುಕ ನಿಲ್ಲುವುದರಿಂದ ಅದಕ್ಕೆ ಗ್ಯಾರೇಜಿನ ಖರ್ಚು ಅನಾವಶ್ಯಕ.

ಶಾಖದ ಮಾತು ಬೇರೆ. ಇಂಜಿನ್ನಿನ ವೇಗ ಬದಲಾಗದಂತೆ ಇಟ್ಟು ಸಮತಟ್ಟಾದ ರಸ್ತೆಯಲ್ಲಿ ಕಾರನ್ನು ಹೊರಡಿಸಿದರೂ, ಕ್ಲಚ್ ಪೂರ್ತಿ ಕೂಡುವ ತನಕ ಇಂಜಿನ್ ಕೊಟ್ಟ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲಚ್ಚಿನಲ್ಲಿಯೇ ಶಾಖವಾಗಿ ಮುಗಿಯುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹಾಫ್ ಕ್ಲಚ್ಚಿನ ಮೇಲೆ ಅಂಗುಲಂಗುಲವಾಗಿ ತೆವಳುವ, ಅಥವಾ ಘಾಟಿಯ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕದೆ ಕ್ಲಚ್ಚಿನಿಂದಲೇ ಕಾರನ್ನು ತಡೆದು ನಿಲ್ಲಿಸುವ ಅಭ್ಯಾಸವಿದ್ದರೆ ಈ ಶಾಖ ಆರಲು ಬಿಡುವೇ ಸಿಗದು. ಅಂಥ ಕಾರಿನ ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಹೊಳೆಯಬೇಕಾದ ಫ್ಲೈವೀಲಿನ ಮುಖದ ಮೇಲೆ ಅಲ್ಲಲ್ಲಿ ನೀಲಿಗಟ್ಟಿದ ಮಚ್ಚೆಗಳು ಕಾಣುತ್ತವೆ. ಆ ಜಾಗಗಳಲ್ಲಿ ಲೋಹ ಗಡಸಾಗಿ ಹಿಡಿತ ಬೇರೆಯಾಗಿರುತ್ತದೆ, ಪ್ಲೇಟು ಅವುಗಳನ್ನು ದಾಟಿದಾಗಲೆಲ್ಲ ಒಂದೊಂದು ಒದೆತ ಹುಟ್ಟುತ್ತದೆ.

ಇಷ್ಟಾಗಿಯೂ ಎಲ್ಲ ನಡುಕಕ್ಕೂ ಕ್ಲಚ್ ಸೆಟ್ಟನ್ನೇ ಬದಲಿಸಿಬಿಡುವ ಗ್ಯಾರೇಜುಗಳ ರೂಢಿ ದುಡುಕಿನದೆಂದೇ ಹೇಳಬೇಕು. ಇಂಜಿನ್ನನ್ನು ಹೊತ್ತ ರಬ್ಬರಿನ ಮೌಂಟಿಂಗ್ ಹರಿದಿದ್ದರೆ, ಹೊರಡುವ ಸೆಳೆತಕ್ಕೆ ಇಂಜಿನ್ನೇ ಹಿಂದಕ್ಕೆ ವಾಲುತ್ತದೆ. ಕ್ಲಚ್ ಕೇಬಲ್ಲಿನಿಂದ ನಡೆಯುವ ಹಳೆಯ ಕಾರುಗಳಲ್ಲಿ ಆ ವಾಲಾಟ ಕೇಬಲ್ಲನ್ನೂ ಎಳೆದು ಸಡಿಲಿಸುವುದರಿಂದ, ಚಾಲಕನ ಕಾಲು ಅಲುಗದಿದ್ದರೂ ಕ್ಲಚ್ ತಾನಾಗಿ ಬಿಟ್ಟು ಹಿಡಿಯುತ್ತದೆ. ಗೇರ್‌ಬಾಕ್ಸ್ ಇಳಿಸುವ ಮೊದಲೇ ಇದನ್ನು ಪರೀಕ್ಷಿಸಬಹುದು: ಸುರಕ್ಷಿತ ಬಯಲಿನಲ್ಲಿ, ಕಾರಿನ ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ಚನ್ನು ಹಿಡಿತ ಸಿಗುವಷ್ಟೇ ಬಿಟ್ಟಾಗ ಇಂಜಿನ್ ಅತಿಯಾಗಿ ಎದ್ದು ವಾಲುತ್ತಿದ್ದರೆ, ಕ್ಲಚ್ಚಿನ ಖರ್ಚಿನ ಒಂದಂಶದಲ್ಲಿ ಕೆಲಸ ಮುಗಿಯಬಹುದು. ಕ್ಲಚ್ಚನ್ನೇ ಬದಲಿಸಬೇಕಾದಾಗ ಫ್ಲೈವೀಲನ್ನೂ ಲೇತಿಗೆ ಹಾಕಿಸಿ ಹದಗೊಳಿಸದಿದ್ದರೆ, ಇಲ್ಲವೇ ಅದನ್ನೂ ಹೊಸದಾಗಿ ಕೂರಿಸದಿದ್ದರೆ, ಹೊಸ ಪ್ಲೇಟು ಆ ಹಳೆಯ ನೀಲಿ ಮಚ್ಚೆಗಳ ಮೇಲೆಯೇ ಉಜ್ಜುತ್ತದೆ, ನಡುಕವೂ ಹೋದ ದಾರಿಯಲ್ಲೇ ವಾಪಸು ಬರುತ್ತದೆ.