ಲೇಖನಿಯೂ ಪೌರಪೀಠವೂ

ಪರರ ಆಡಳಿತವನ್ನು ದಿನದಿನವೂ ತೂಗಿ ನೋಡುವ ಪತ್ರಿಕಾಕರ್ತನು ತಾನೇ ರಾಜಧಾನಿಯ ಮೇಯರ್ ಪೀಠವನ್ನೇರಿದರೆ ಏನಾದೀತು? ಪೌರಜೀವನದಲ್ಲಿ ಆಸಕ್ತರಾದವರೆಲ್ಲರೂ ವಿಚಾರಿಸಬೇಕಾದ ಪ್ರಶ್ನೆಯಿದು.

ನಮ್ಮ ನಾಡಿನಲ್ಲಿ ಪತ್ರಿಕೆಯಿಂದ ಸಾರ್ವಜನಿಕ ಜೀವನಕ್ಕೆ ಬಂದವರೊಳಗೆ ಡಿ. ವಿ. ಗುಂಡಪ್ಪನವರು ಅಗ್ರಗಣ್ಯರು. ಮೈಸೂರು ಸಂಸ್ಥಾನದಲ್ಲಿ 1908ರ ವೃತ್ತಪತ್ರಿಕಾ ಶಾಸನವು ಪತ್ರಿಕೆಗಳ ಬಾಯನ್ನು ಬಿಗಿದಿದ್ದ ಕಾಲದಲ್ಲಿಯೇ, 1913ರಲ್ಲಿ, ಅವರು ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಹೊರಡಿಸಿದರು. 1926ರ ಅನಂತರ ಹಲವು ವರ್ಷ ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದರು. ಆದರೆ ಅವರು ಮಂತ್ರಿಯಾಗಲಿಲ್ಲ, ಮೇಯರೂ ಆಗಲಿಲ್ಲ. ಸಭೆಯಲ್ಲಿ ಕುಳಿತರೂ ಅವರ ಕೆಲಸ ವಿಮರ್ಶೆಯೇ ಆಗಿತ್ತು; ಅಧಿಕಾರದ ಹೊರೆ ಅವರ ಲೇಖನಿಯ ಮೇಲೆ ಬೀಳಲಿಲ್ಲ.

ಆ ಹೊರೆಯನ್ನು ಹೊತ್ತವರ ನಿದರ್ಶನ ಲಂಡನ್ನಿನಲ್ಲಿದೆ. ‘ಸ್ಪೆಕ್ಟೇಟರ್’ ವಾರಪತ್ರಿಕೆಯ ಸಂಪಾದಕರಾಗಿದ್ದ ಬೋರಿಸ್ ಜಾನ್ಸನ್ 2001ರಲ್ಲಿ ಪಾರ್ಲಿಮೆಂಟನ್ನು ಸೇರಿ, 2008ರಿಂದ 2016ರ ವರೆಗೆ ಆ ನಗರದ ಮೇಯರಾಗಿದ್ದರು. 2000ದಿಂದ ಅಲ್ಲಿ ಮೇಯರನ್ನು ಮತದಾರರೇ ನೇರವಾಗಿ ನಾಲ್ಕು ವರ್ಷಗಳಿಗೆ ಆರಿಸುತ್ತಾರೆ. ನಗರದ ಸಾರಿಗೆಯೂ ಯೋಜನೆಯೂ ಅವರ ಕೈಯಲ್ಲಿವೆ. ಬರೆಹದಿಂದ ಗಳಿಸಿದ ಹೆಸರು ಇಂತಹ ಚುನಾವಣೆಯಲ್ಲಿ ದೊಡ್ಡ ಬಂಡವಾಳ. ಆದರೆ ಪೀಠವೇರಿದ ಮೇಲೆಯೂ ಜಾನ್ಸನ್‌ರು ‘ಡೈಲಿ ಟೆಲಿಗ್ರಾಫ್’ ಪತ್ರಿಕೆಗೆ ಸಂಭಾವನೆ ಪಡೆದು ಬರೆಯುತ್ತಿದ್ದುದು ಆಕ್ಷೇಪಣೆಗೆ ಗುರಿಯಾಯಿತು. ವಾದಿಯೂ ತೀರ್ಪುಗಾರನೂ ಒಬ್ಬನೇ ಆದರೆ ನ್ಯಾಯವೆಲ್ಲಿ?

ಬೆಂಗಳೂರಿನ ತೊಡಕಾದರೋ ಬೇರೆ ಬಗೆಯದು. ನಗರ, ದಂಡು ಎಂಬ ಎರಡು ಪೌರಸಭೆಗಳು 1949ರಲ್ಲಿ ಕೂಡಿ ಇಲ್ಲಿ ಕಾರ್ಪೊರೇಷನ್ ಏರ್ಪಟ್ಟಿತು. ಮುಂದೆ ದಶಕಗಳ ಕಾಲ ಮೇಯರ್ ಪದವಿಯ ಅವಧಿ ಒಂದೇ ವರ್ಷ, ಆರಿಸುವವರು ಸದಸ್ಯರು, ಕಾರ್ಯನಿರ್ವಾಹದ ಅಧಿಕಾರ ಸರಕಾರವು ನೇಮಿಸಿದ ಕಮಿಷನರದು. ನೀರು 1964ರಲ್ಲಿ ಬೇರೊಂದು ಮಂಡಳಿಗೆ, ನಗರದ ಬೆಳವಣಿಗೆ 1976ರಲ್ಲಿ ಬೇರೊಂದು ಪ್ರಾಧಿಕಾರಕ್ಕೆ ಸೇರಿದವು. ಸೊರಬ ಸೀಮೆಯ ಕುಪ್ಪಗಡ್ಡೆಯಂತಹ ಊರಿನಲ್ಲಿ ನೀರು ನಿಂತರೆ ಯಾರ ಮನೆಯ ಬಾಗಿಲು ತಟ್ಟಬೇಕೆಂಬುದು ಜನರಿಗೆ ಗೊತ್ತು. ರಾಜಧಾನಿಯ ಪೌರನಿಗೆ ಆ ಬಾಗಿಲೇ ತಿಳಿಯದು. 2020ರ ಸೆಪ್ಟೆಂಬರಿನಲ್ಲಿ ಸದಸ್ಯರ ಅವಧಿ ಮುಗಿದ ಮೇಲಂತೂ, ಐದು ವರ್ಷ ಕಳೆದರೂ ಚುನಾವಣೆಯೇ ನಡೆಯಲಿಲ್ಲ.

ಇಂತಹ ಪೀಠದಲ್ಲಿ ಎಂತಹ ಸಮರ್ಥ ಸಂಪಾದಕನನ್ನು ಕೂರಿಸಿದರೂ ಅವನು ಮಾಡಬಲ್ಲದ್ದು ಅಲ್ಪ. ಹಾರ ತುರಾಯಿಗಳನ್ನು ಸ್ವೀಕರಿಸುವುದರೊಳಗೆ ಅವನ ವರ್ಷವು ತುಂಬುವುದು. ಆದುದರಿಂದ ಎರಡು ಮಾತುಗಳನ್ನು ನಾವು ನೆನಪಿನಲ್ಲಿಡತಕ್ಕದ್ದು. ಪೀಠವನ್ನೇರುವ ಪತ್ರಿಕಾಕರ್ತನು ಮೊದಲು ಲೇಖನಿಯನ್ನು ಕೆಳಗಿಡಬೇಕು. ಅವನನ್ನು ಪೀಠಕ್ಕೆ ಕರೆಯುವ ಪೌರರು ಮೊದಲು ಆ ಪೀಠಕ್ಕೆ ಅಧಿಕಾರವನ್ನೂ ಅವಧಿಯನ್ನೂ ಕೇಳಿ ಪಡೆಯಬೇಕು. ಹೊಣೆಯಿಲ್ಲದ ಪದವಿಯನ್ನು ಯಾವ ಪತ್ರಿಕೆಯೂ ನ್ಯಾಯವಾಗಿ ವಿಮರ್ಶಿಸಲಾರದು.